ಸ್ವಿಚ್ ಹಾಕಿದರೆ ‘ರೆಡಿ’: ಕಮೊಡೋರ್ 64ರ ಮುಂದೆ ನಾಲ್ಕು ತಿಂಗಳು

ಸ್ವಿಚ್ ಹಾಕಿ ಮೂರು ಸೆಕೆಂಡು ಆಗುವಷ್ಟರಲ್ಲಿ ಪರದೆ ನೀಲಿಯಾಗುತ್ತದೆ. ಸುತ್ತ ತಿಳಿನೀಲಿ ಅಂಚು. ಮೇಲೆ ಯಂತ್ರದ ಹೆಸರು, ಅದರ ಕೆಳಗೆ ‘38911 ಬೇಸಿಕ್ ಬೈಟ್ಸ್ ಫ್ರೀ’, ಅದರ ಕೆಳಗೆ ‘ರೆಡಿ’. ಆಮೇಲೆ ಮಿನುಗುವ ಒಂದು ಪುಟ್ಟ ಚೌಕ. ಪಾಸ್‌ವರ್ಡ್ ಕೇಳುವುದಿಲ್ಲ, ಅಪ್‌ಡೇಟ್ ಅನ್ನುವುದಿಲ್ಲ, ಒಂದು ಐಕಾನೂ ಇಲ್ಲ. ನಾವು ಏನಾದರೂ ಬರೆಯಲಿ ಅಂತ ಕಾದು ಕೂತಿರುತ್ತದೆ. ಈ ಯಂತ್ರ ನನಗೆ ಇಷ್ಟವಾಗಲು ಮೊದಲ ಕಾರಣ ಇದೇ.

ನಾನು ಲೆಕ್ಕಪತ್ರ ನೋಡಿಕೊಳ್ಳುವವಳು. ದಿನಕ್ಕೆ ಎಂಟು ಗಂಟೆ ಕಂಪ್ಯೂಟರ್ ಮುಂದೆಯೇ ಕಳೆಯುತ್ತದೆ. ಆದರೆ ಅದರೊಳಗೆ ಏನು ನಡೆಯುತ್ತದೆ ಅಂತ ಯಾರಾದರೂ ಕೇಳಿದರೆ ಹೇಳಲು ನನಗೆ ಬರುತ್ತಿರಲಿಲ್ಲ. 11 ವರ್ಷದ ಮಗಳು ಒಂದು ದಿನ ಅದನ್ನೇ ಕೇಳಿದಳು. ಇಬ್ಬರೂ ಸೇರಿ ಆನ್‌ಲೈನ್ ಪಾಠ ಎರಡು ಸಲ ಶುರು ಮಾಡಿದೆವು, ಎರಡು ಸಲವೂ ಬಿಟ್ಟೆವು. ಪ್ರೋಗ್ರಾಂ ಬರೆಯುವ ಮೊದಲೇ ಅದನ್ನು ಇಳಿಸಿಕೊಳ್ಳಿ, ಇದನ್ನು ಹಾಕಿಕೊಳ್ಳಿ ಅನ್ನುವುದರಲ್ಲೇ ಅವಳ ಆಸಕ್ತಿ ಇಳಿದುಹೋಗುತ್ತಿತ್ತು. ಆಗ ಹಳೆಯ ಯಂತ್ರದಲ್ಲಿ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯೋಣ ಅನ್ನಿಸಿತು. ಸೆಕೆಂಡ್ ಹ್ಯಾಂಡ್ ಕಮೊಡೋರ್ 64 ಮತ್ತು ಅದರ ಕ್ಯಾಸೆಟ್ ರೆಕಾರ್ಡರ್ ತರಿಸಿದೆ. ನಾಲ್ಕು ತಿಂಗಳಾಯಿತು. ಆಟ ಆಡಲು ಇದು ಹೇಗಿದೆ ಅಂತ ನಾನು ಹೇಳಹೊರಟಿಲ್ಲ. ಪ್ರೋಗ್ರಾಮಿಂಗ್ ಕಲಿಯಲು ಹೇಗಿದೆ ಅನ್ನುವುದಷ್ಟೇ ನನ್ನ ವಿಷಯ.

ಗೊತ್ತಿಲ್ಲದವರಿಗೆ ಎರಡು ಮಾತು. ಕಮೊಡೋರ್ 64 ಮಾರುಕಟ್ಟೆಗೆ ಬಂದದ್ದು 1982ರಲ್ಲಿ. 64 ಕೆಬಿ ಮೆಮೊರಿ, ಸುಮಾರು 1 ಮೆಗಾಹರ್ಟ್ಸ್ ವೇಗದ 6510 ಪ್ರೊಸೆಸರ್. ಕೀಬೋರ್ಡ್ ಇರುವ ಡಬ್ಬವೇ ಕಂಪ್ಯೂಟರ್, ಟಿವಿಗೆ ಜೋಡಿಸಿದರೆ ಆಯಿತು. ಬೇಸಿಕ್ ಭಾಷೆ ಯಂತ್ರದ ರಾಮ್ ಚಿಪ್ಪಿನಲ್ಲಲ್ಲ, ಸ್ವಿಚ್ ತೆಗೆದರೂ ಅಳಿಯದ ರೋಮ್ ಚಿಪ್ಪಿನಲ್ಲೇ ಕೂತಿದೆ. ಹಾಗಾಗಿ ಬೇರೆ ಏನನ್ನೂ ಹಾಕಿಕೊಳ್ಳಬೇಕಿಲ್ಲ. ಭಾಷೆ ಇನ್ನೂ ಹಳೆಯದು. ಅಮೆರಿಕದ ಡಾರ್ಟ್ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಎಂಬ ಇಬ್ಬರು ಗಣಿತದ ಮೇಷ್ಟ್ರುಗಳು 1964ರಲ್ಲಿ ಇದನ್ನು ಮಾಡಿದರು. ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಬಳಸಲಿ ಅನ್ನುವುದು ಅವರ ಆಸೆ. ನನ್ನಂಥವರಿಗಾಗಿಯೇ ಮಾಡಿದ ಭಾಷೆ ಅಂತ ಓದಿ ನನಗೆ ಧೈರ್ಯ ಬಂತು.

ಈಗ ನಮ್ಮ ಯಂತ್ರದ ಕಥೆ. ಮಾರಿದವರು ‘ಎಲ್ಲ ಕೀಗಳೂ ಕೆಲಸ ಮಾಡುತ್ತವೆ’ ಅಂದಿದ್ದರು. ಬಂದ ಮೇಲೆ ನೋಡಿದರೆ ‘ಎನ್’ ಕೀ ಸತ್ತುಹೋಗಿತ್ತು. ಎಷ್ಟು ಒತ್ತಿದರೂ ಪರದೆಯ ಮೇಲೆ ಏನೂ ಬರಲಿಲ್ಲ. ಬೇಸಿಕ್‌ನಲ್ಲಿ ಎನ್ ಇಲ್ಲದೆ ಪರದೆಯ ಮೇಲೆ ತೋರಿಸುವ ಪ್ರಿಂಟ್ ಇಲ್ಲ, ಪ್ರೋಗ್ರಾಂ ಓಡಿಸುವ ರನ್ ಇಲ್ಲ. ಮಗಳ ಮುಖ ಬಾಡಿತು.

ಯಂತ್ರದ ಜೊತೆ ಬಂದಿದ್ದ ಸ್ಪೈರಲ್ ಕೈಪಿಡಿಯ ಕೊನೆಯಲ್ಲಿ ಒಂದು ಪಟ್ಟಿ ಇದೆ. ಹೆಚ್ಚಿನ ಆಜ್ಞೆಗಳಿಗೆ ಒಂದೊಂದು ಚಿಕ್ಕ ರೂಪ. ಪ್ರಿಂಟ್ ಬದಲು ಬರೀ ಪ್ರಶ್ನೆ ಚಿಹ್ನೆ ಸಾಕು. ರನ್ ಬದಲು ಆರ್ ಒತ್ತಿ, ಆಮೇಲೆ ಶಿಫ್ಟ್ ಹಿಡಿದು ಯು ಒತ್ತಿದರೆ ಆಯಿತು. ಪರದೆಯ ಮೇಲೆ ಆರ್ ಪಕ್ಕದಲ್ಲಿ ಒಂದು ಬಾಗಿದ ಗೆರೆ ಬರುತ್ತದೆ, ಆದರೆ ಯಂತ್ರಕ್ಕೆ ಅದು ಅರ್ಥವಾಗುತ್ತದೆ. ಮಗಳು ಸಾಲಿನ ಸಂಖ್ಯೆ 10 ಅಂತ ಬರೆದು, ಪ್ರಶ್ನೆ ಚಿಹ್ನೆ ಹಾಕಿ, ತನ್ನ ಹೆಸರು ಬರೆದಳು. ಬರೆದದ್ದನ್ನು ತೋರಿಸು ಅನ್ನಲು ಲಿಸ್ಟ್ ಅಂದಳು. ಪ್ರಶ್ನೆ ಚಿಹ್ನೆ ಇದ್ದ ಕಡೆ ‘ಪ್ರಿಂಟ್’ ಅನ್ನುವ ಪೂರ್ತಿ ಪದ ಬಂದಿತ್ತು, ಎನ್ ಅಕ್ಷರ ಸಮೇತ!

“ಎನ್ ಎಲ್ಲಿಂದ ಬಂತು ಅಮ್ಮ?”

ಒಳ್ಳೆಯ ಪ್ರಶ್ನೆ ಅಲ್ವಾ? ಹುಡುಕಿದೆವು. ನಾವು ಬರೆದ ಪ್ರಿಂಟ್ ಅನ್ನುವ ಪದವನ್ನು ಯಂತ್ರ ಅಕ್ಷರಗಳಾಗಿ ಇಟ್ಟುಕೊಳ್ಳುವುದೇ ಇಲ್ಲ. ಅದರ ಬದಲು 153 ಎಂಬ ಒಂದೇ ಸಂಖ್ಯೆ ಇಟ್ಟುಕೊಳ್ಳುತ್ತದೆ. ಲಿಸ್ಟ್ ಮಾಡುವಾಗ ಆ ಸಂಖ್ಯೆಯನ್ನು ಮತ್ತೆ ಪದ ಮಾಡಿ ತೋರಿಸುತ್ತದೆ. ಇದನ್ನು ನಂಬಬೇಕಾಗಿಯೂ ಇಲ್ಲ, ಕಣ್ಣಾರೆ ನೋಡಬಹುದು. ಬೇಸಿಕ್ ಪ್ರೋಗ್ರಾಂ ಮೆಮೊರಿಯಲ್ಲಿ 2049ನೇ ಜಾಗದಿಂದ ಶುರುವಾಗುತ್ತದೆ. ಒಂದೊಂದು ಜಾಗಕ್ಕೆ ಬೈಟು ಅನ್ನುತ್ತಾರೆ. ಮೊದಲ ನಾಲ್ಕು ಬೈಟು, ಮುಂದಿನ ಸಾಲು ಎಲ್ಲಿದೆ ಅನ್ನುವ ಕೊಂಡಿ ಮತ್ತು ಸಾಲಿನ ಸಂಖ್ಯೆಗೆ. ಹಾಗಾದರೆ ಮೊದಲ ಆಜ್ಞೆ 2053ರಲ್ಲಿ ಇರಬೇಕು. ಪೀಕ್ ಅಂದರೆ ಇಣುಕಿ ನೋಡು ಅಂತ. ಪ್ರಶ್ನೆ ಚಿಹ್ನೆ ಹಾಕಿ ಪೀಕ್(2053) ಅಂದೆವು. ಉತ್ತರ 153. ಮೊದಲ ದಿನವೇ, ಮುರಿದ ಕೀ ಇಟ್ಟುಕೊಂಡು, ನಾವಿಬ್ಬರೂ ಕಂಪ್ಯೂಟರಿನ ಮೆಮೊರಿಯೊಳಗೆ ಇಣುಕಿದ್ದೆವು. ಇಷ್ಟು ವರ್ಷ ಕಂಪ್ಯೂಟರ್ ಮುಂದೆ ಕೂತರೂ ನನಗೆ ಹೀಗೆ ಯಾವತ್ತೂ ಆಗಿರಲಿಲ್ಲ.

ಕೀ ರಿಪೇರಿ ಆಗುವವರೆಗೆ ಎರಡು ಸಂಜೆ ಹಾಗೇ ನಡೆಸಿದೆವು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ‘ಫಾರ್’ ಇತ್ತು, ಆದರೆ ಅದರ ಜೋಡಿ ‘ನೆಕ್ಸ್ಟ್’ ಬರೆಯಲು ಎನ್ ಬೇಕು, ಅದರ ಚಿಕ್ಕ ರೂಪಕ್ಕೂ ಎನ್ ಬೇಕು. ಹಾಗಾಗಿ 1ರಿಂದ 10ರವರೆಗೆ ಎಣಿಸಲು ಬೇರೆ ದಾರಿ ಹುಡುಕಬೇಕಾಯಿತು. ಎಕ್ಸ್‌ಗೆ 1 ಕೊಡು. ಎಕ್ಸ್ ತೋರಿಸು. ಎಕ್ಸ್‌ಗೆ ಒಂದು ಕೂಡಿಸು. ಎಕ್ಸ್ 11ಕ್ಕಿಂತ ಕಡಿಮೆ ಇದ್ದರೆ 20ನೇ ಸಾಲಿಗೆ ಹೋಗು. ನಾಲ್ಕು ಸಾಲು. ಕೀ ಸರಿಯಾದ ಮೇಲೆ ಫಾರ್–ನೆಕ್ಸ್ಟ್ ಬರೆದಾಗ ಮಗಳು ತಾನೇ ಹೇಳಿದಳು, “ಇದು ಅದೇ ಅಲ್ವಾ, ಕೂಡಿಸೋದು, ನೋಡೋದು, ವಾಪಸ್ ಹೋಗೋದು ಎಲ್ಲ ಅದೇ ಮಾಡ್ಕೊಳ್ಳುತ್ತೆ” ಅಂತ. ಲೂಪ್ ಅಂದರೆ ಏನು ಅಂತ ನಾನು ಅವಳಿಗೆ ವಿವರಿಸಬೇಕಾಗಲೇ ಇಲ್ಲ.

ರಿಪೇರಿ ಬಗ್ಗೆ ಚುಟುಕಾಗಿ: ಕೆಳಗಿನ ಮೂರು ಸ್ಕ್ರೂ ಬಿಚ್ಚಿದರೆ ಡಬ್ಬ ತೆರೆಯುತ್ತದೆ. ಕೀಬೋರ್ಡಿನ ಹಿಂಬದಿಯ ಹಲಗೆಗೆ ಸಣ್ಣ ಸ್ಕ್ರೂಗಳು ಜಾಸ್ತಿ ಇವೆ, ಶಿಫ್ಟ್ ಲಾಕ್‌ನ ಎರಡು ತಂತಿಗಳ ಬೆಸುಗೆಯನ್ನೂ ಬಿಡಿಸಬೇಕು. ಒಳಗಿನ ಕಪ್ಪು ಚುಕ್ಕೆಗಳನ್ನೂ ಹಲಗೆಯನ್ನೂ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದ ಮೇಲೆ ಎನ್ ಬಂತು. ಬೆಸುಗೆ ಅಭ್ಯಾಸ ಇಲ್ಲದವರು ಗೊತ್ತಿರುವವರ ಹತ್ತಿರ ಮಾಡಿಸಿ.

ಕಲಿಯುವವರು ಎಡವುವ ಒಂದು ಜಾಗ ಮೊದಲೇ ಹೇಳಿಬಿಡುತ್ತೇನೆ. ಆಟದಲ್ಲಿ ಅಂಕ ಇಡಲು ಮಗಳು ‘ಸ್ಕೋರ್’ ಅಂತ ಹೆಸರು ಕೊಟ್ಟಳು. ಸಿಂಟ್ಯಾಕ್ಸ್ ಎರರ್, ಅಂದರೆ ಬರೆದ ರೀತಿ ತಪ್ಪು ಅಂತ ಬಂತು. ಅಕ್ಷರ ಅಕ್ಷರ ನೋಡಿದೆವು, ತಪ್ಪೇ ಇಲ್ಲ. ಇಪ್ಪತ್ತು ನಿಮಿಷ ಹೋಯಿತು. ವಿಷಯ ಇಷ್ಟೇ: ಆ ಪದದ ಇಂಗ್ಲಿಷ್ ಕಾಗುಣಿತದ ನಡುವೆ ಓ, ಆರ್ ಅಕ್ಕಪಕ್ಕ ಇವೆ. ಅವೆರಡೂ ಸೇರಿದರೆ ಬೇಸಿಕ್‌ನಲ್ಲಿ ‘ಅಥವಾ’ ಅನ್ನುವ ಆಜ್ಞೆ. ಯಂತ್ರ ಪದವನ್ನು ಅಲ್ಲೇ ಒಡೆದುಹಾಕುತ್ತದೆ. ‘ಟೋಟಲ್’ ಕೂಡ ಇದೇ ಕಾರಣಕ್ಕೆ ನಡೆಯುವುದಿಲ್ಲ, ಅದರಲ್ಲಿ ‘ಟು’ ಇದೆ. ಲೆಕ್ಕದವಳಾದ ನನಗೆ ಟೋಟಲ್ ಇಲ್ಲದೆ ಕೈ ಕಟ್ಟಿದ ಹಾಗಾಯಿತು. ಜೊತೆಗೆ ಹೆಸರಿನ ಮೊದಲ ಎರಡು ಅಕ್ಷರ ಮಾತ್ರ ಲೆಕ್ಕಕ್ಕೆ ಬರುತ್ತದೆ. ಈಗ ನಾವು ಎರಡಕ್ಷರದ ಹೆಸರುಗಳನ್ನೇ ಇಡುತ್ತೇವೆ, ಯಾವುದು ಏನು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ.

ಮೊದಲ ಪೂರ್ತಿ ಪ್ರೋಗ್ರಾಂ ಅಂದರೆ ಸಂಖ್ಯೆ ಊಹಿಸುವ ಆಟ. 1ರಿಂದ 100ರ ಒಳಗೆ ಯಂತ್ರ ಒಂದು ಸಂಖ್ಯೆ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತದೆ, ನಾವು ಊಹಿಸಬೇಕು, ‘ಜಾಸ್ತಿ’ ‘ಕಡಿಮೆ’ ಅನ್ನುತ್ತದೆ. ಮೂರನೇ ದಿನ ಮಗಳು ಮೊದಲ ಊಹೆಯಲ್ಲೇ 19 ಅಂದಳು, ಸರಿಯಾಗಿತ್ತು. ಸ್ವಿಚ್ ಆಫ್ ಮಾಡಿ ಮತ್ತೆ ಹಾಕಿ, ಟೇಪ್‌ನಿಂದ ಪ್ರೋಗ್ರಾಂ ತಂದು ಓಡಿಸಿದಳು. ಮತ್ತೆ 19. “ಆನ್ ಮಾಡಿದ ಮೇಲೆ ಮೊದಲನೇ ಸಲ ಯಾವಾಗ್ಲೂ ಹತ್ತೊಂಬತ್ತೇ ಯಾಕೆ?” ಅಂದಳು. ನಾನು ಗಮನಿಸಿರಲೇ ಇಲ್ಲ.

ಯಂತ್ರವನ್ನೇ ಕೇಳಿದೆವು. ಸ್ವಿಚ್ ಹಾಕಿ, ಬೇರೆ ಏನೂ ಮಾಡದೆ, ರ‍್ಯಾಂಡಮ್ ಸಂಖ್ಯೆ ಕೊಡುವ ಆರ್‌ಎನ್‌ಡಿ(1) ಎಷ್ಟು ಅಂತ ಪ್ರಿಂಟ್ ಮಾಡಿಸಿದೆವು. .185564016 ಬಂತು. ಅದನ್ನು 100ರಿಂದ ಗುಣಿಸಿ, ದಶಮಾಂಶ ಬಿಟ್ಟು, ಒಂದು ಕೂಡಿಸಿದರೆ 19. ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಅದೇ ಸಂಖ್ಯೆ, ಅದರ ಹಿಂದೆ ಬರುವ ಸಾಲೂ ಅದೇ. ‘ರ‍್ಯಾಂಡಮ್’ ಅಂದರೆ ಸುಮ್ನೆ ಎಲ್ಲಿಂದಲೋ ಬಂದು ಬೀಳುವುದಲ್ಲ, ಒಂದು ಲೆಕ್ಕದಿಂದ ಬರುವುದು ಅಂತ ಅವತ್ತು ಇಬ್ಬರಿಗೂ ತಿಳಿಯಿತು. ಪರಿಹಾರವೂ ಚೆನ್ನಾಗಿದೆ. ಯಂತ್ರದೊಳಗೆ ಟಿಐ ಅನ್ನುವ ಗಡಿಯಾರ ಸ್ವಿಚ್ ಹಾಕಿದಾಗಿನಿಂದ ಸೆಕೆಂಡಿಗೆ 60 ಸಲ ಎಣಿಸುತ್ತಾ ಇರುತ್ತದೆ. ಆ ಸಂಖ್ಯೆಯನ್ನು ಋಣ ಚಿಹ್ನೆ ಹಾಕಿ ಆರ್‌ಎನ್‌ಡಿಗೆ ಒಂದು ಸಲ ಕೊಟ್ಟರೆ ಲೆಕ್ಕ ಬೇರೆ ಕಡೆಯಿಂದ ಶುರುವಾಗುತ್ತದೆ. ಸೆಕೆಂಡಿನ ಅರವತ್ತನೇ ಒಂದು ಭಾಗದಷ್ಟು ನಿಖರವಾಗಿ ಯಾರೂ ರನ್ ಒತ್ತಲಾರರು, ಅಲ್ವಾ?

ಇನ್ನು ಪರದೆಯ ಮೇಲೆ ನಾವು ಈಜಿಸಿದ ಮೀನಿನ ಕಥೆ. ಈ ಯಂತ್ರದ ಬೇಸಿಕ್‌ನಲ್ಲಿ ಚಿತ್ರಕ್ಕೆ ಆಜ್ಞೆ ಇಲ್ಲ, ಶಬ್ದಕ್ಕೂ ಇಲ್ಲ. ಯಂತ್ರದೊಳಗೆ ಒಳ್ಳೆಯ ಚಿತ್ರದ ಚಿಪ್ಪೂ ಶಬ್ದದ ಚಿಪ್ಪೂ ಇವೆ. ಆದರೆ ಅವುಗಳ ಹತ್ತಿರ ಹೋಗಲು ಪೋಕ್ ಒಂದೇ ದಾರಿ: ಮೆಮೊರಿಯ ಇಂಥ ಜಾಗದಲ್ಲಿ ಇಂಥ ಸಂಖ್ಯೆ ಇಡು. ಪೋಕ್ 53280,0 ಅಂದರೆ ಅಂಚು ಕಪ್ಪಾಗುತ್ತದೆ. ಪೋಕ್ 54296,15 ಅಂದರೆ ಶಬ್ದ ಪೂರ್ತಿ ಜೋರಾಗುತ್ತದೆ. ಈ ಭಾಷೆಯನ್ನು ಹಳಿಯುವವರು ಮೊದಲು ಹೇಳುವ ದೂರು ಇದು. ಕಷ್ಟ ಹೌದು. ಆದರೆ ನಾವು ಜಾಸ್ತಿ ಕಲಿತದ್ದೂ ಇಲ್ಲೇ.

ಸ್ಪ್ರೈಟ್ ಅಂದರೆ ಪರದೆಯ ಮೇಲೆ ಓಡಾಡಿಸಬಹುದಾದ ಪುಟ್ಟ ಚಿತ್ರ. ಎಂಟು ಸ್ಪ್ರೈಟ್ ಸಿಗುತ್ತವೆ. ಒಂದೊಂದು 24 ಚುಕ್ಕೆ ಅಗಲ, 21 ಚುಕ್ಕೆ ಎತ್ತರ. ಮಗಳು ಗ್ರಾಫ್ ಪೇಪರಿನಲ್ಲಿ ಅಷ್ಟು ಚೌಕ ಗುರುತು ಮಾಡಿ ಪೆನ್ಸಿಲಿನಲ್ಲಿ ಒಂದು ಮೀನು ತುಂಬಿದಳು. ಅಡ್ಡ ಸಾಲನ್ನು ಎಂಟೆಂಟು ಚೌಕದ ಮೂರು ಭಾಗ ಮಾಡಿ, ಚೌಕಗಳ ಮೇಲೆ 128, 64, 32, 16, 8, 4, 2, 1 ಅಂತ ಬರೆದೆವು. ತುಂಬಿದ ಚೌಕಗಳ ಸಂಖ್ಯೆ ಮಾತ್ರ ಕೂಡಿಸಬೇಕು. ನಡುವಿನ ನಾಲ್ಕು ಚೌಕ ತುಂಬಿದ್ದರೆ 32, 16, 8, 4 ಸೇರಿ 60. ಹೀಗೆ 63 ಸಂಖ್ಯೆ. ನಾನು ಕೂಡಿಸಿ ಹೇಳುತ್ತಿದ್ದೆ, ಅವಳು ಪ್ರೋಗ್ರಾಮಿನಲ್ಲಿ ಸಂಖ್ಯೆಗಳನ್ನು ಇಡುವ ಡೇಟಾ ಸಾಲುಗಳಲ್ಲಿ ಬರೆಯುತ್ತಿದ್ದಳು. ಒಂದು ಕಡೆ 60 ಬದಲು 6 ಬಿತ್ತು, ಮೀನಿನ ಬೆನ್ನಿನಲ್ಲಿ ಒಂದು ಕಚ್ಚು ಕಾಣಿಸಿತು. ಪರದೆಯ ಮೇಲೆ ಬೆರಳಿಟ್ಟು ಸಾಲು ಎಣಿಸಿ ತಪ್ಪು ಹಿಡಿದಳು.

ಮೀನು ಎಡದಿಂದ ಬಲಕ್ಕೆ ಈಜಬೇಕು. 100ನೇ ಸಾಲಿನಲ್ಲಿ ಎಕ್ಸ್ 0ಯಿಂದ 343ರವರೆಗೆ ಹೋಗುವ ಲೂಪ್ ಹಾಕಿ, ಪ್ರತಿ ಸಲ ಎಕ್ಸ್ ಅನ್ನು, ಮೀನು ಅಡ್ಡಕ್ಕೆ ಎಲ್ಲಿರಬೇಕು ಅಂತ ಹೇಳುವ 53248ಕ್ಕೆ ಪೋಕ್ ಮಾಡಿಸಿದೆವು. ಮೀನು ಹೊರಟಿತು. ಪರದೆಯ ಮುಕ್ಕಾಲು ಭಾಗ ದಾಟಿ ಗಕ್ಕನೆ ನಿಂತಿತು. ‘ಇಲ್ಲೀಗಲ್ ಕ್ವಾಂಟಿಟಿ ಎರರ್ ಇನ್ 100.’ ಅಂದರೆ 100ನೇ ಸಾಲಿನಲ್ಲಿ ನಡೆಯದ ಸಂಖ್ಯೆ ಬಂದಿದೆ ಅಂತ. ಕೆಳಗೆ ರೆಡಿ.

ನನ್ನ ಪಾಲಿಗೆ ಈ ಯಂತ್ರದ ದೊಡ್ಡ ಗುಣ ಇಲ್ಲಿದೆ. ತಪ್ಪಾದರೆ ಅದು ಎಲ್ಲವನ್ನೂ ಮುಚ್ಚಿಕೊಂಡು ಹೋಗುವುದಿಲ್ಲ. ಮೀನು ನಿಂತಲ್ಲೇ ನಿಂತಿದೆ. ಲೆಕ್ಕ ಎಲ್ಲಿಗೆ ಬಂದಿತ್ತೋ ಅಲ್ಲೇ ಇದೆ. ನಾವು ಅಲ್ಲಿಂದಲೇ ಅದನ್ನು ವಿಚಾರಿಸಬಹುದು. ಮಗಳು ಪ್ರಶ್ನೆ ಚಿಹ್ನೆ ಹಾಕಿ ಎಕ್ಸ್ ಅಂದಳು. 256 ಬಂತು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗ್ರಾಫ್ ಪೇಪರ್ ಎಳೆದುಕೊಂಡು, ಎಂಟು ಚೌಕದ ಮೇಲಿನ ಸಂಖ್ಯೆಗಳನ್ನೆಲ್ಲ ಕೂಡಿಸಿದಳು. 255.

“ಎಂಟೂ ತುಂಬಿದ್ರೆ 255 ಅಮ್ಮ. 256ಕ್ಕೆ ಜಾಗವೇ ಇಲ್ಲ.”

ನಾನು ಹೇಳಿಕೊಟ್ಟದ್ದಲ್ಲ ಅದು. ಮೀನು ನಿಂತ ಜಾಗ ಮತ್ತು ಪೆನ್ಸಿಲ್ ಗುರುತು ಎರಡನ್ನೂ ಸೇರಿಸಿ ಅವಳೇ ಕಂಡುಕೊಂಡಳು. ಒಂಬತ್ತನೇ ಚೌಕವನ್ನು ಈ ಚಿಪ್ಪು ಬೇರೆ ಕಡೆ ಇಟ್ಟಿದೆ, 53264ರಲ್ಲಿ. ಎಕ್ಸ್ 255 ದಾಟಿದರೆ ಅಲ್ಲಿ 1 ಇಟ್ಟು, ಎಕ್ಸ್‌ನಿಂದ 256 ಕಳೆಯಬೇಕು. ಒಂದು ಸಾಲು ಸೇರಿಸಿದೆವು. ಮೀನು ಪರದೆ ದಾಟಿ ಬಲಗಡೆಯ ಅಂಚಿನೊಳಗೆ ಹೋಯಿತು.

ಆ ರಾತ್ರಿ ಪ್ರೋಗ್ರಾಂ ಟೇಪ್‌ಗೆ ಉಳಿಸಿದಾಗ ಇನ್ನೊಂದು ವಿಚಿತ್ರ ಆಯಿತು. ಉಳಿಸುವಾಗ ಪರದೆ ಖಾಲಿಯಾಗುತ್ತದೆ. ಮತ್ತೆ ಬಂದಾಗ ಮೀನು ಇರಲಿಲ್ಲ! ಅದರ ಜಾಗದಲ್ಲಿ ಮೇಲೆ ಒಂದಷ್ಟು ಚುಕ್ಕೆ, ಕೆಳಗೆ ಮೂರು ಉದ್ದ ಗೆರೆ. ನಾವು ಮೀನಿನ 63 ಸಂಖ್ಯೆಗಳನ್ನು ಇಟ್ಟಿದ್ದು 832ನೇ ಜಾಗದಿಂದ. ಅದು ಟೇಪ್ ಕೆಲಸಕ್ಕೆ ಯಂತ್ರ ಬಳಸುವ ಜಾಗ. ಅಲ್ಲಿ ಅದು ಪ್ರೋಗ್ರಾಮಿನ ಹೆಸರು ಬರೆದು, ಉಳಿದದ್ದನ್ನು ಖಾಲಿ ಅಕ್ಷರದಿಂದ ತುಂಬಿತ್ತು. ಖಾಲಿ ಅಕ್ಷರದ ಸಂಖ್ಯೆ 32. ಎಂಟು ಚೌಕದಲ್ಲಿ 32 ಅಂದರೆ ಒಂದೇ ಚುಕ್ಕೆ. ಸಾಲಿಗೆ ಮೂರು ಚುಕ್ಕೆ, ಸಾಲಿನ ಕೆಳಗೆ ಸಾಲು, ಮೂರು ಗೆರೆ. ಮೇಲಿನ ಚುಕ್ಕೆಗಳು ‘ಮೀನು’ ಅಂತ ನಾವು ಕೊಟ್ಟ ಹೆಸರಿನ ಅಕ್ಷರಗಳು. ಮತ್ತೆ ರನ್ ಅಂದರೆ ಮೀನು ವಾಪಸ್ ಬರುತ್ತದೆ, ಹೆದರಬೇಕಿಲ್ಲ. ಅಕ್ಷರ, ಚಿತ್ರ, ಲೆಕ್ಕ ಎಲ್ಲವೂ ಒಳಗೆ ಬರೀ ಸಂಖ್ಯೆ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪಾಠ ನಾನು ನೋಡಿಲ್ಲ.

ಕೊರತೆಗಳನ್ನೂ ಹೇಳಬೇಕು. ಟೇಪ್ ನಿಧಾನ. ತಪ್ಪು ಹಿಡಿಯಲು ಎಲ್ಲವನ್ನೂ ಎರಡೆರಡು ಸಲ ಬರೆಯುವುದರಿಂದ 2 ಕೆಬಿಯಷ್ಟು ಪ್ರೋಗ್ರಾಮಿಗೆ ಸುಮಾರು ಒಂದು ನಿಮಿಷ ಬೇಕು. ಉಳಿಸದೆ ಸ್ವಿಚ್ ತೆಗೆದರೆ ಬರೆದದ್ದೆಲ್ಲ ಹೋಯಿತು. ನಾನು ಒಂದು ಸಲ ಪ್ಲಗ್ ಎಳೆದು ಎರಡು ಗಂಟೆಯ ಕೆಲಸ ಕಳೆದುಕೊಂಡೆ. 10, 20 ಅಂತ ಸಾಲು ಬರೆಯುತ್ತಾ ಹೋಗಿ ನಡುವೆ ಜಾಗ ತುಂಬಿಹೋದರೆ ಸಂಖ್ಯೆಗಳನ್ನು ಮತ್ತೆ ಜೋಡಿಸುವ ಆಜ್ಞೆ ಇಲ್ಲ, ಕೈಯಲ್ಲೇ ಎಲ್ಲ ಬರೆಯಬೇಕು.

ಎಲ್ಲಕ್ಕಿಂತ ದೊಡ್ಡದು ಗೋಟು, ಅಂದರೆ ಇಂಥ ಸಾಲಿಗೆ ಹೋಗು ಅನ್ನುವ ಆಜ್ಞೆ. ಬೇಸಿಕ್ ಕಲಿತವರಿಗೆ ಒಳ್ಳೆಯ ಪ್ರೋಗ್ರಾಮಿಂಗ್ ಕಲಿಸುವುದು ಹೆಚ್ಚುಕಡಿಮೆ ಅಸಾಧ್ಯ ಅಂತ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರ 1975ರಲ್ಲೇ ಕಟುವಾಗಿ ಬರೆದಿದ್ದರು. ಅವರ ಆತಂಕಕ್ಕೆ ಕಾರಣ ಇದೆ. ನಮ್ಮ ಆಟ 60 ಸಾಲು ದಾಟಿದಾಗ ಯಾವ ಸಾಲಿನಿಂದ ಎಲ್ಲಿಗೆ ಹಾರುತ್ತಿದೆ ಅಂತ ನಮಗೇ ತಿಳಿಯದಾಯಿತು. ಕೊನೆಗೆ ಅದನ್ನು ಬಿಟ್ಟು, ಕೆಲಸಗಳನ್ನು ಬೇರೆ ಬೇರೆ ಮಾಡಿ, ಒಂದು ಕೆಲಸಕ್ಕೆ ಹೋಗಿ ಮುಗಿಸಿ ವಾಪಸ್ ಬರುವ ಗೋಸಬ್ ಹಾಕಿ ಹೊಸದಾಗಿ ಬರೆದೆವು. ಮೀನು ಓಡಿಸುವುದು 1000ದಿಂದ, ಅಂಕ ತೋರಿಸುವುದು 2000ದಿಂದ. ಗೋಜಲಿನಲ್ಲಿ ಒಮ್ಮೆ ಸಿಕ್ಕಿಹಾಕಿಕೊಂಡಿದ್ದರಿಂದಲೇ ಕೆಲಸ ಯಾಕೆ ಬೇರೆ ಮಾಡಬೇಕು ಅಂತ ಮಗಳಿಗೆ ಮನದಟ್ಟಾಯಿತು ಅನ್ನುವುದು ನನ್ನ ಅಭಿಪ್ರಾಯ. ಆದರೆ ವರ್ಷಗಟ್ಟಲೆ ಇಲ್ಲೇ ಇರಬೇಡಿ ಅಂತಲೂ ಹೇಳುತ್ತೇನೆ.

ಬೇರೆ ಯಂತ್ರಗಳು? ಗೆಳತಿಯ ಮನೆಯಲ್ಲಿ ಬಿಬಿಸಿ ಮೈಕ್ರೋ ಮುಂದೆ ಒಂದು ಮಧ್ಯಾಹ್ನ ಕೂತಿದ್ದೆ. 1981ರ ಬ್ರಿಟನ್ ಯಂತ್ರ. ಅದರ ಬೇಸಿಕ್ ಬರೆದವರು ಸೋಫಿ ವಿಲ್ಸನ್. ಭಾಷೆಯಾಗಿ ಅದು ಖಂಡಿತ ಮೇಲು. ಉದ್ದದ ಹೆಸರು ಇಡಬಹುದು, ಕೆಲಸಗಳಿಗೆ ಹೆಸರು ಕೊಟ್ಟು ಕರೆಯಬಹುದು, ಗೆರೆ ಎಳೆಯಲು, ಶಬ್ದ ಮಾಡಲು ಆಜ್ಞೆಗಳಿವೆ, ಸಾಲುಗಳ ಸಂಖ್ಯೆಯನ್ನು ತಾನೇ ಜೋಡಿಸಿಕೊಡುತ್ತದೆ. ಒಬ್ಬರೇ ಕೂತು ಶಿಸ್ತಾಗಿ ಪ್ರೋಗ್ರಾಮಿಂಗ್ ಕಲಿಯುವವರಿಗೆ ಅದೇ ಸರಿ. ಯಂತ್ರದ ಹೊಟ್ಟೆಯೊಳಗೆ ಏನಿದೆ ಅನ್ನುವ ಕುತೂಹಲ ಇರುವವರಿಗೆ ನಾನು ಕಮೊಡೋರ್ ಹೇಳುತ್ತೇನೆ. ಝಡ್‌ಎಕ್ಸ್ ಸ್ಪೆಕ್ಟ್ರಮ್‌ನಲ್ಲಿ ಒಂದು ಕೀ ಒತ್ತಿದರೆ ಇಡೀ ಆಜ್ಞೆ ಬರುತ್ತದೆ, ಪಿ ಒತ್ತಿದರೆ ಪ್ರಿಂಟ್. ಕಾಗುಣಿತ ತಪ್ಪಾಗುವುದಿಲ್ಲ. ಆದರೆ ಅದರ ರಬ್ಬರ್ ಕೀಗಳು ನನ್ನ ಬೆರಳಿಗೆ ಒಗ್ಗಲಿಲ್ಲ.

ಹಳೆಯ ಕಮೊಡೋರ್ ಕೊಳ್ಳುವುದಾದರೆ ಒಂದು ಮಾತು ದಯವಿಟ್ಟು ಮರೆಯಬೇಡಿ. ಜೊತೆಗೆ ಬರುವ ಹಳೆಯ ಪವರ್ ಸಪ್ಲೈ ಜೋಡಿಸಬೇಡಿ. ವಯಸ್ಸಾದಂತೆ ಅದರ 5 ವೋಲ್ಟ್ ಭಾಗ ಕೆಟ್ಟು ವೋಲ್ಟೇಜ್ ಏರುತ್ತದೆ, ಒಳಗಿನ ಮೆಮೊರಿ ಚಿಪ್ಪುಗಳು ಸುಟ್ಟುಹೋಗುತ್ತವೆ. ಹೊಸದಾಗಿ ಮಾಡಿದ ಸಪ್ಲೈ ಸಿಗುತ್ತದೆ, ಅದನ್ನು ಮೊದಲು ತರಿಸಿ, ಆಮೇಲೆ ಸ್ವಿಚ್ ಹಾಕಿ. ಇದೆಲ್ಲ ಬೇಡ ಅನ್ನುವವರಿಗೆ 2019ರಲ್ಲಿ ಬಂದ ಪೂರ್ಣ ಗಾತ್ರದ ಹೊಸ ಮಾದರಿ ಇದೆ, ಅದರ ಕೀಗಳು ಕೆಲಸ ಮಾಡುತ್ತವೆ, ಎಚ್‌ಡಿಎಂಐ ತಂತಿಯಲ್ಲಿ ಟಿವಿಗೆ ಸೇರುತ್ತದೆ. 2018ರ ಮಿನಿ ಕೊಂಡರೆ ಕೀಬೋರ್ಡ್ ಬೇರೆ ಬೇಕು, ಅದರ ಮೇಲಿನ ಕೀಗಳು ನೋಡಲು ಮಾತ್ರ. ದುಡ್ಡು ಹಾಕುವ ಮೊದಲು ಹಳೆಯ ಯಂತ್ರದಂತೆಯೇ ನಡೆದುಕೊಳ್ಳುವ ವೈಸ್ ಎಂಬ ಉಚಿತ ಎಮ್ಯುಲೇಟರ್ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನಲ್ಲೇ ಓಡಿಸಿ ನೋಡಿ. ನಾನು ಮೇಲೆ ಹೇಳಿದ 153 ಮತ್ತು 19 ಅದರಲ್ಲೂ ಬರುತ್ತವೆ.

ನಮ್ಮ ಮನೆಯಲ್ಲಿ ಈಗ ಎರಡನೇ ಮೀನು ತಯಾರಾಗುತ್ತಿದೆ. ಇದು ಬಲದಿಂದ ಎಡಕ್ಕೆ ಬರಬೇಕಂತೆ. 256ರಿಂದ 255ಕ್ಕೆ ಇಳಿಯುವಾಗ 53264ರಲ್ಲಿ ಈ ಮೀನಿನ ಚೌಕದ 1 ತೆಗೆಯಬೇಕು, ಆದರೆ ಮೊದಲ ಮೀನಿನ 1 ಹಾಗೇ ಇರಬೇಕು. ಎರಡೂ ಒಂದೇ ಬೈಟಿನಲ್ಲಿವೆ. ಗ್ರಾಫ್ ಪೇಪರ್ ಮತ್ತೆ ಮೇಜಿನ ಮೇಲೆ ಬಂದಿದೆ.